ಸ್ಪಷ್ಟನೆ: ಶೇ 58.6 ಎಲ್ಲ ನೆಟ್‌ವರ್ಕ್ ಸ್ವಿಚ್‌ಗಳ ಮಿತಿಯಲ್ಲ

ಕಂಪ್ಯೂಟರ್ ಜಾಲದಲ್ಲಿ ಡೇಟಾದ ತುಣುಕುಗಳನ್ನು (ಪ್ಯಾಕೆಟ್) ಒಂದು ಕಿಂಡಿಯಿಂದ (ಪೋರ್ಟ್) ಇನ್ನೊಂದಕ್ಕೆ ದಾಟಿಸುವ ಸಾಧನವೇ ಸ್ವಿಚ್. ‘ಒಳಬರುವ ಪೋರ್ಟಿನಲ್ಲೇ ಪ್ಯಾಕೆಟ್‌ಗಳನ್ನು ಸಾಲು ನಿಲ್ಲಿಸುವ ಸ್ವಿಚ್, ಸಾಮರ್ಥ್ಯದ ಶೇ 58.6ಕ್ಕಿಂತ ಹೆಚ್ಚು ಸಾಗಿಸಲಾರದು’ ಎಂಬ ಮಾತು ಹರಿದಾಡುತ್ತಿದೆ. ಅರ್ಧ ಸತ್ಯ. 1987ರಲ್ಲಿ ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನವರು ಕೊಟ್ಟ ಈ ಲೆಕ್ಕ, ಪೋರ್ಟುಗಳು ಬಹಳವಿದ್ದು, ಪ್ರತಿಯೊಂದಕ್ಕೂ ಒಂದೇ ಸಾಲಿದ್ದು, ಟ್ರಾಫಿಕ್ ಎಲ್ಲೆಡೆ ಸಮನಾಗಿ ಹಂಚಿದಾಗಿನದು. ಮುಂದಿನ ಆಟೊ ಬಲಕ್ಕೆ ತಿರುಗಲು ಕಾಯುತ್ತ ನಿಂತರೆ, ಎಡಗಡೆ ರಸ್ತೆ ಖಾಲಿಯಿದ್ದರೂ ಹಿಂದಿನ ಬೈಕಿನವನು ಹಾರನ್ ಹೊಡೆಯುತ್ತ ಕೂರಬೇಕಲ್ಲ, ತೊಂದರೆ ಅದೇ. ಒಳಬರುವ ಪೋರ್ಟಿನಲ್ಲೇ ಪ್ರತಿ ಹೊರದಾರಿಗೂ ಬೇರೆ ಸಾಲು ಮಾಡಿದರೆ ಅದು ತಪ್ಪುತ್ತದೆ. ಆಗ, ಯಾವ ಒಳದಾರಿಯನ್ನು ಯಾವ ಹೊರದಾರಿಗೆ ಜೋಡಿಸಬೇಕೆಂದು ಪ್ರತಿ ಬಾರಿ ಸರಿಯಾಗಿ ಆರಿಸಿದರೆ ಶೇ 100 ಸಾಧ್ಯವೆಂದು ಸಂಶೋಧಕ ನಿಕ್ ಮೆಕ್‌ಕ್ಯೂನ್ ಮತ್ತು ಸಂಗಡಿಗರು 1996ರಲ್ಲೇ ಗಣಿತದಿಂದ ತೋರಿಸಿದ್ದಾರೆ. ಆದರೆ ಆ ಆಯ್ಕೆಯ ಲೆಕ್ಕ ವೇಗದ ಹಾರ್ಡ್‌ವೇರಿಗೆ ಬಲು ಭಾರ. ಸಿಸ್ಕೊ ಕಂಪನಿಯ 12000 ರೂಟರು ಸರಳವಾದ ಐಸ್ಲಿಪ್ (iSLIP) ಎಂಬ ಆಯ್ಕೆ ವಿಧಾನಕ್ಕೆ ಹೋದದ್ದು ಅದಕ್ಕೇ.