ಹಾಡು ಕೇಳದ ಚಿತ್ರಗಳು

ನಿನ್ನೆ ರಾತ್ರಿ ಗೆಳೆಯನೊಬ್ಬ ತನ್ನ ಹೊಸ ಹಾಡಿನ ವಿಡಿಯೋ ಕಳಿಸಿದ. ಹಾಡು ತುಂಬಾ ಚೆನ್ನಾಗಿದೆ. ಎರಡನೇ ಚರಣಕ್ಕೆ ಮುಂಚೆ ವಾದ್ಯಗಳೆಲ್ಲ ನಿಂತು, ಒಂದು ಕ್ಷಣ ಅವನ ಉಸಿರು ಮಾತ್ರ ಕೇಳಿಸುತ್ತದೆ. ಆ ಜಾಗದಲ್ಲಿ ತೆರೆಯ ಮೇಲೆ ಏನಿತ್ತು ಗೊತ್ತಾ? ಬಂಗಾರದ ಬಣ್ಣದ ಮೋಡ, ಹಿಂಡು ಹಿಂಡು ಹಕ್ಕಿ, ಒಂದರ ಮೇಲೊಂದು ಸರಸರ ಅಂತ. ಎಲ್ಲ ಎಐ ಮಾಡಿದ್ದು. ಕೋಪ ಬಂತು. ಆಮೇಲೆ ಅಳುವೂ ಬಂತು.

ನನ್ನ ಕೆಲಸ ವಿಡಿಯೋ ಎಡಿಟಿಂಗ್. ಒಂದು ದೃಶ್ಯ ನಿಂತು ಇನ್ನೊಂದು ಶುರುವಾಗುವ ಕಟ್ ಎಲ್ಲಿ ಬೀಳಬೇಕು ಅಂತ ಹಾಡೇ ಹೇಳುತ್ತದೆ. ಆದರೆ ಇಂಥ ಎಐಗಳಲ್ಲಿ ಹೆಚ್ಚಿನವು ಹಾಡನ್ನು ಕೇಳಿಸಿಕೊಳ್ಳುವುದೇ ಇಲ್ಲ. ಏನು ಬೇಕು ಅಂತ ನಾವು ಬರೆದ ಪ್ರಾಂಪ್ಟ್ ನೋಡಿ ಕೆಲವೇ ಸೆಕೆಂಡಿನ ತುಣುಕು ಕೊಡುತ್ತವೆ. ತುಣುಕು ಮುಗಿದಲ್ಲಿ ಕಟ್. ತಾಳ ಎಲ್ಲೋ, ಕಟ್ ಎಲ್ಲೋ. ತೆರೆಯಲ್ಲಿ ಕೊಳಲಿನ ಮೇಲೆ ಬೆರಳು ಓಡುತ್ತಿದೆ, ಕೇಳುವ ಸ್ವರ ಮಾತ್ರ ಅಲ್ಲೇ ನಿಂತಿದೆ.

1949ರಲ್ಲಿ ಕೆನಡಾದಲ್ಲಿ ನಾರ್ಮನ್ ಮೆಕ್‌ಲಾರೆನ್ ಮತ್ತು ಎವಲಿನ್ ಲ್ಯಾಂಬಾರ್ಟ್ ಕ್ಯಾಮೆರಾ ಇಲ್ಲದೆ, ಫಿಲ್ಮ್ ಮೇಲೇ ಬಣ್ಣ ಬಳಿದು, ಗೀರಿ, ಪಿಯಾನೋ ವಾದಕ ಆಸ್ಕರ್ ಪೀಟರ್ಸನ್ ಅವರ ಜಾಜ್ ಸಂಗೀತಕ್ಕೆ ಚಿತ್ರ ಮಾಡಿದರು. ಅದರಲ್ಲಿ ಕಥೆ ಇಲ್ಲ, ಮುಖಗಳಿಲ್ಲ. ಪಿಯಾನೋ ಓಡಿದರೆ ಬಣ್ಣವೂ ಓಡುತ್ತದೆ. ಸಂಗೀತ ಮೆಲ್ಲಗಾದಾಗ ಕಪ್ಪು ತೆರೆ, ಅದರ ಮೇಲೆ ಕೆಲವೇ ಬಿಳಿ ಗೆರೆ. ಎಷ್ಟು ಸಲ ನೋಡಿದರೂ ಮೈ ಜುಮ್ಮೆನ್ನುತ್ತದೆ. ಅವರು ಮೊದಲು ಕೇಳಿದ್ದರು, ಅಷ್ಟೇ.

ದುಡ್ಡಿಲ್ಲದ ಹಾಡುಗಾರರು ಏನು ಮಾಡಬೇಕು ಅಂತೀರಾ? ಫೋನ್ ಎದುರಿಗಿಟ್ಟು ಹಾಡಲಿ. ಗೆಳೆಯನ ಮುಖ ಒಂದೇ ಸಾಕಿತ್ತು ನನಗೆ. ಎಐಯನ್ನು ಚೆನ್ನಾಗಿ ಬಳಸುವವರೂ ಇದ್ದಾರೆ, ಒಪ್ಪುತ್ತೇನೆ. 2024ರಲ್ಲಿ ಪಾಲ್ ಟ್ರಿಲ್ಲೊ ಎಂಬ ನಿರ್ದೇಶಕ ಒಂದು ಹಾಡಿಗಾಗಿ ಸುಮಾರು 700 ತುಣುಕು ಮಾಡಿಸಿ, ಸುಮಾರು 55 ಮಾತ್ರ ಇಟ್ಟುಕೊಂಡ. ಅಷ್ಟು ಬಿಸಾಡುವ ತಾಳ್ಮೆ ಎಷ್ಟು ಜನಕ್ಕಿದೆ? ಹಾಡಿಗೆ ಯಾವುದು ಬೇಡ ಅಂತ ತೀರ್ಮಾನಿಸೋಕೆ ಕಿವಿ ಬೇಕಲ್ವಾ?

ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ, ಹೋದ ತಿಂಗಳು ನಾನೂ ಒಂದು ಹಾಡಿಗೆ ಹೀಗೇ ಎಐ ವಿಡಿಯೋ ಮಾಡಿಕೊಟ್ಟೆ. ಗಡುವು ಹತ್ತಿರ ಬಂದಿತ್ತು. ತುಣುಕುಗಳನ್ನು ಆರಿಸುವಾಗ ಸೌಂಡ್ ಆಫ್ ಮಾಡಿದ್ದೆ. ಚೆಂದ ಕಂಡಿದ್ದನ್ನೆಲ್ಲ ಸುಮ್ನೆ ಜೋಡಿಸಿದೆ. ಹಾಡಿದ ಹುಡುಗಿ "ಥ್ಯಾಂಕ್ಸ್ ಅಕ್ಕಾ" ಅಂದಳು. ಅದು ಇನ್ನೂ ಚುಚ್ಚುತ್ತಿದೆ.

ಬೆಳಿಗ್ಗೆ ಗೆಳೆಯನಿಗೆ ಫೋನ್ ಮಾಡಿದೆ. "ಆ ಉಸಿರಿರೋ ಜಾಗದಲ್ಲಿ ಏನೂ ತೋರಿಸಬೇಡ ಕಣೋ, ತೆರೆ ಕಪ್ಪಾಗಿರಲಿ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಲ್ಲಿ ಉಸಿರು ಕೇಳಿಸುತ್ತಾ?" ಅಂತ ಕೇಳಿದ.