ನಿವೃತ್ತಿಗೆ ಉಳಿತಾಯ: ಯುವ ನೌಕರರದು ಸಾಕೇ, ಸಾಲದೇ?

ಪರ: ಆ ವಯಸ್ಸಿಗೆ ಅಷ್ಟು ಸಾಕು

ಇಪ್ಪತ್ತೈದರ ಹರೆಯದವರ ಬ್ಯಾಂಕ್ ಖಾತೆಯ ಬಗ್ಗೆ ಮಾತು ಬಂದಾಗಲೆಲ್ಲ ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎಂದು ಹಿರಿಯರು ಹೇಳುತ್ತಾರೆ. ನಿಜ, ಹೀಗಿರಲಿಲ್ಲ. ಕೆಲಸಕ್ಕೆ ಸೇರಿದ ದಿನವೇ ಪಿಂಚಣಿಯ ಭರವಸೆ ಪಡೆದವರು ಅವರಲ್ಲಿ ಅನೇಕರಿದ್ದರು. ಕೊನೆಯ ಸಂಬಳದ ಇಂತಿಷ್ಟು ಪಾಲು ಬದುಕಿರುವವರೆಗೂ ಬರುತ್ತದೆ ಎಂದು ಗೊತ್ತಿದ್ದವರಿಗೆ ಉಳಿತಾಯದ ಚಿಂತೆ ಅರ್ಧಕ್ಕರ್ಧ ಕಡಿಮೆ. ಆ ಆಸರೆಯೇ ಇಲ್ಲದೆ ದುಡಿಮೆಗೆ ಇಳಿದ ತಲೆಮಾರನ್ನು ದುಂದುಗಾರರೆಂದು ಜರೆಯುವುದು ಅನ್ಯಾಯ.

ಅಷ್ಟಕ್ಕೂ ‘ಸಾಕಷ್ಟು’ ಎಂದರೆ ಎಷ್ಟು? ಅರವತ್ತಕ್ಕೆ ಬೇಕಾಗುವ ಮೊತ್ತವನ್ನು ದುಡಿಮೆಯ ವರ್ಷಗಳಿಗೆ ಸಮನಾಗಿ ಹಂಚಿ, ಇಪ್ಪತ್ತೈದರವರ ಪಾಲು ಕಡಿಮೆ ಬಿತ್ತು ಎನ್ನುವುದು ಸಾಮಾನ್ಯ ವಾದ. ಆದರೆ ಗಳಿಕೆ ಯಾರಿಗೂ ಸಮನಾಗಿ ಬರುವುದಿಲ್ಲ. 1985ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಫ್ರಾಂಕೋ ಮೊಡಿಗ್ಲಿಯಾನಿ ಉಳಿತಾಯವನ್ನು ಇಡೀ ಆಯುಷ್ಯದ ಲೆಕ್ಕದಲ್ಲಿ ನೋಡಬೇಕೆಂದು ತೋರಿಸಿದವರು. ಹರೆಯದಲ್ಲಿ ಕಡಿಮೆ ಉಳಿಕೆ ಅಥವಾ ಸಾಲ, ನಡುವಯಸ್ಸಿನಲ್ಲಿ ಹೆಚ್ಚು ಉಳಿಕೆ, ಮುಪ್ಪಿನಲ್ಲಿ ಕೂಡಿಟ್ಟಿದ್ದರ ಬಳಕೆ: ಅವರ ಪ್ರಕಾರ ಇದೇ ಸಹಜ ನಡಿಗೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಕಿರಿಯರಿಗೆ ಬುದ್ಧಿ ಹೇಳುವವರು, ಅವರ ಹಾಸಿಗೆ ಇನ್ನೂ ಬೆಳೆಯಲಿದೆ ಎಂಬುದನ್ನು ಮರೆಯುತ್ತಾರೆ.

ಸಾಲದ ವಿಚಾರವನ್ನಂತೂ ಎಷ್ಟು ಸಲ ಹೇಳಿದರೂ ಕಡಿಮೆಯೇ. ಓದಿಗಾಗಿ ಮಾಡಿದ ಸಾಲವನ್ನು ಹೊತ್ತೇ ಇಂದು ಎಷ್ಟೋ ಮಂದಿ ಮೊದಲ ಸಂಬಳ ಪಡೆಯುತ್ತಾರೆ. ಶೇ 15 ಬಡ್ಡಿಯ ಸಾಲವನ್ನು ಹಾಗೆಯೇ ಬಿಟ್ಟು, ಶೇ 8 ತರುವ ಖಾತೆಗೆ ಹಣ ಹಾಕಿದರೆ ಪ್ರತಿ ನೂರಕ್ಕೂ ವರ್ಷಕ್ಕೆ ಏಳು ನಷ್ಟ. ಅಂಥವರು ಮೊದಲು ಸಾಲ ತೀರಿಸಿದರೆ ಅದನ್ನೂ ನಿವೃತ್ತಿಯ ಉಳಿತಾಯವೆಂದೇ ನಾನು ಎಣಿಸುತ್ತೇನೆ. ಆರು ತಿಂಗಳ ಖರ್ಚನ್ನು ಆಪತ್ತಿಗೆಂದು ಬೇರೆ ಇಡುವುದೂ, ಹೊಸ ವಿದ್ಯೆ ಕಲಿಯಲು ಹಣ ಹಾಕುವುದೂ ಹಾಗೆಯೇ. ಇವು ಯಾವುವೂ ಪಿಂಚಣಿ ಖಾತೆಯ ಪುಟದಲ್ಲಿ ಕಾಣಿಸುವುದಿಲ್ಲ. ಒಂದನ್ನು ಮಾತ್ರ ಒಪ್ಪುತ್ತೇನೆ: ನೌಕರ ಹಾಕಿದಷ್ಟನ್ನೇ ಮಾಲೀಕರೂ ಸೇರಿಸಿ ಕೊಡುವಲ್ಲಿ ಆ ಪಾಲನ್ನು ಬಿಡಬಾರದು.

ಬಹಳ ಕಡೆ ವ್ಯವಸ್ಥೆಯೇ ಈಗ ಕಿರಿಯರ ಬೆನ್ನಿಗಿದೆ. ಬ್ರಿಟನ್ನಿನಲ್ಲಿ 2012ರಿಂದ ಜಾರಿಗೆ ಬಂದ ನಿಯಮದಂತೆ, ಇಪ್ಪತ್ತೆರಡು ತುಂಬಿ ನಿಗದಿತ ಮಟ್ಟಕ್ಕಿಂತ ಹೆಚ್ಚು ಗಳಿಸುವ ನೌಕರರನ್ನು ಮಾಲೀಕರೇ ಪಿಂಚಣಿ ಯೋಜನೆಗೆ ಸೇರಿಸಬೇಕು. ಬೇಡವೆಂದವರು ತಾವಾಗಿ ಹೊರಬರಬೇಕು. ಆಸ್ಟ್ರೇಲಿಯಾದಲ್ಲಿ 1992ರಲ್ಲಿ ಕಡ್ಡಾಯ ನಿವೃತ್ತಿ ನಿಧಿ ಆರಂಭವಾದಾಗ ಹೆಚ್ಚಿನ ಮಾಲೀಕರು ಕಟ್ಟಬೇಕಿದ್ದುದು ಸಂಬಳದ ಶೇ 3 ಮಾತ್ರ. 2025ರ ಜುಲೈನಿಂದ ಅದು ಶೇ 12. ಅಂದರೆ ಅಲ್ಲಿ ಇಂದು ಕೆಲಸಕ್ಕೆ ಸೇರುವ ಹುಡುಗಿಯ ಖಾತೆಗೆ, ಅಂದು ಸೇರಿದ ತಾಯಿಯ ಮೊದಲ ದಿನಗಳಲ್ಲಿ ಬೀಳುತ್ತಿದ್ದುದರ ನಾಲ್ಕು ಪಟ್ಟು ಪಾಲು ಬೀಳುತ್ತದೆ. ಯಾರು ಹಿಂದುಳಿದಿದ್ದಾರೆ?

ನಿವೃತ್ತಿಯ ವಯಸ್ಸೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಬಿಸ್ಮಾರ್ಕ್ ಕಾಲದ ಜರ್ಮನಿ 1889ರಲ್ಲಿ ವೃದ್ಧಾಪ್ಯ ವೇತನದ ಕಾನೂನು ತಂದಾಗ ಅದು ಎಪ್ಪತ್ತು. 1916ರಲ್ಲಿ ಅರವತ್ತೈದಕ್ಕೆ ಇಳಿಯಿತು. ಈಗ ಹಲವು ದೇಶಗಳಲ್ಲಿ ಮತ್ತೆ ಮೇಲೇರುತ್ತಿದೆ. ಇಂದು ಇಪ್ಪತ್ತೈದಾದವರು ಎಷ್ಟನೆಯ ವಯಸ್ಸಿನವರೆಗೆ ದುಡಿಯುತ್ತಾರೆ ಎಂಬುದೇ ತೀರ್ಮಾನವಾಗದಿರುವಾಗ, ಅವರು ಸೋತರೆಂದು ಈಗಲೇ ತೀರ್ಪು ಕೊಡುವ ಅವಸರವೇಕೆ?

ವಿರೋಧ: ಸಾಲದು, ಕಳೆದ ವರ್ಷಗಳು ಮರಳುವುದಿಲ್ಲ

ಒಂದು ಲೆಕ್ಕ ಹಾಕೋಣ. ಒಬ್ಬಳು ಇಪ್ಪತ್ತೈದರಿಂದ ಅರವತ್ತರವರೆಗೆ ತಿಂಗಳಿಗೆ ನೂರರಂತೆ ಉಳಿಸುತ್ತಾಳೆ. ಇನ್ನೊಬ್ಬಳು ಅದೇ ನೂರನ್ನು ಮೂವತ್ತೈದರಲ್ಲಿ ಶುರುಮಾಡುತ್ತಾಳೆ. ವರ್ಷಕ್ಕೆ ಶೇ 6ರ ಬಡ್ಡಿ ತಿಂಗಳು ತಿಂಗಳು ಸೇರುತ್ತ ಹೋದರೆ ಮೊದಲನೆಯವಳ ಬಳಿ ಸುಮಾರು 1,42,000, ಎರಡನೆಯವಳ ಬಳಿ ಸುಮಾರು 69,000. ಎರಡನೆಯವಳು ಕೈಯಿಂದ ಕಡಿಮೆ ಹಾಕಿದ್ದು ಹನ್ನೆರಡು ಸಾವಿರ, ಕಳೆದುಕೊಂಡದ್ದು ಎಪ್ಪತ್ತಮೂರು ಸಾವಿರ. ಮುಂದೆ ಸಂಬಳ ಏರಿದಾಗ ಹೆಚ್ಚು ಉಳಿಸಬಹುದು ಎನ್ನುವವರು ಈ ಅಂಕಿಗಳ ಮುಂದೆ ಸ್ವಲ್ಪ ಹೊತ್ತು ಕೂರಬೇಕು. ಅವಳನ್ನು ಸರಿಗಟ್ಟಲು ಎರಡನೆಯವಳು ತಿಂಗಳಿಗೆ ಇನ್ನೂರಕ್ಕೂ ಹೆಚ್ಚು ಹಾಕಬೇಕು. ಅದೂ ಮಕ್ಕಳ ಓದು, ಹೆತ್ತವರ ಆರೈಕೆ, ಮನೆಯ ಸಾಲ ಎಲ್ಲವೂ ಒಟ್ಟಿಗೆ ಬಂದು ನಿಲ್ಲುವ ವಯಸ್ಸಿನಲ್ಲಿ.

ಸಂಬಳ ಏರಿದಂತೆ ಉಳಿತಾಯ ತಾನಾಗಿ ಏರುತ್ತದೆ ಎಂಬ ನಂಬಿಕೆಯೂ ಟೊಳ್ಳು. ಮೊದಲು ಏರುವುದು ಖರ್ಚು. ರಿಚರ್ಡ್ ಥೇಲರ್ ಮತ್ತು ಶ್ಲೋಮೋ ಬೆನಾರ್ಟ್ಜಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಕಂಪನಿಯ ನೌಕರರು, ಮುಂದೆ ಸಂಬಳ ಹೆಚ್ಚಿದಾಗಲೆಲ್ಲ ಉಳಿತಾಯದ ಪಾಲನ್ನೂ ಹೆಚ್ಚಿಸಲು ಮೊದಲೇ ಒಪ್ಪಿಕೊಂಡಿದ್ದರು. ನಲವತ್ತು ತಿಂಗಳಲ್ಲಿ ಅವರ ಉಳಿತಾಯ ಸಂಬಳದ ಶೇ 3.5ರಿಂದ ಶೇ 13.6ಕ್ಕೆ ಏರಿತು. ಮುಂಚಿತವಾಗಿ ಕಟ್ಟು ಹಾಕಿಕೊಂಡಿದ್ದರಿಂದ ಏರಿತು. ಅಂಥ ಕಟ್ಟು ಇಲ್ಲದವರ ‘ಮುಂದಿನ ವರ್ಷ’ ಪ್ರತಿ ವರ್ಷವೂ ಮುಂದಕ್ಕೇ ಹೋಗುತ್ತದೆ.

ವ್ಯವಸ್ಥೆ ಬೆನ್ನಿಗಿದೆ ಎಂಬ ಮಾತಿನಲ್ಲಿ ಅಪಾಯವೊಂದು ಅಡಗಿದೆ. ಅಮೆರಿಕದ ಕಂಪನಿಯೊಂದು ನೌಕರರನ್ನು ತಾನಾಗಿ ಯೋಜನೆಗೆ ಸೇರಿಸತೊಡಗಿದ ಮೇಲೆ ಏನಾಯಿತೆಂದು ಬ್ರಿಜಿಟ್ ಮ್ಯಾಡ್ರಿಯನ್ ಮತ್ತು ಡೆನ್ನಿಸ್ ಶೇ ಅಧ್ಯಯನ ಮಾಡಿ 2001ರಲ್ಲಿ ಬರೆದರು. ಸೇರಿದವರ ಸಂಖ್ಯೆ ಬಹಳ ಏರಿತು; ಆದರೆ ಹಾಗೆ ಸೇರಿದವರಲ್ಲಿ ಬಹುಪಾಲು ಮಂದಿ ಕಂಪನಿ ನಿಗದಿಪಡಿಸಿದ ಶೇ 3ರಲ್ಲೇ ಉಳಿದುಬಿಟ್ಟರು. ಬೇರೆ ಯಾರೋ ಗೊತ್ತುಮಾಡಿದ ಅಂಕಿಯನ್ನು ಮನಸ್ಸು ‘ಇಷ್ಟು ಸಾಕು’ ಎಂದು ಓದಿಕೊಳ್ಳುತ್ತದೆ. ಬ್ರಿಟನ್ನಿನ ಕನಿಷ್ಠ ಪಾಲು, ನೌಕರ-ಮಾಲೀಕರದು ಸೇರಿ, ಸಂಬಳದ ನಿಗದಿತ ಭಾಗದ ಮೇಲೆ ಶೇ 8. ಕನಿಷ್ಠವನ್ನೇ ಗುರಿ ಎಂದುಕೊಂಡವರು ಅರವತ್ತರಲ್ಲಿ ಬೆಚ್ಚಿಬೀಳುತ್ತಾರೆ. ಮಾಲೀಕರೇ ಇಲ್ಲದೆ ಆ್ಯಪ್ ಹೇಳಿದಂತೆ ದಿನದ ದುಡಿಮೆ ಮಾಡುವವರಿಗೆ ಇಂಥ ಆಸರೆಯೂ ಸಾಮಾನ್ಯವಾಗಿ ಇರುವುದಿಲ್ಲ.

ಎಷ್ಟು ಬೇಕೆಂಬುದಕ್ಕೆ ಒಂದು ಸ್ಥೂಲ ಅಳತೆಯಿದೆ. ವಿಲಿಯಂ ಬೆಂಗೆನ್ 1994ರಲ್ಲಿ ಅಮೆರಿಕದ ಮಾರುಕಟ್ಟೆಯ ಇತಿಹಾಸ ಪರಿಶೀಲಿಸಿ, ಮೊದಲ ವರ್ಷ ನಿಧಿಯ ಶೇ 4ರಷ್ಟು ತೆಗೆದು, ಆಮೇಲೆ ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸುತ್ತ ಹೋದರೆ ಹಣ ಮೂವತ್ತು ವರ್ಷ ಬಾಳುತ್ತಿತ್ತು ಎಂದು ಕಂಡುಕೊಂಡರು. ಅಂದರೆ ಬೇರೆ ಆದಾಯವಿಲ್ಲದವರಿಗೆ ವಾರ್ಷಿಕ ಖರ್ಚಿನ ಇಪ್ಪತ್ತೈದು ಪಟ್ಟು ಬೇಕು. ಎಲ್ಲ ದೇಶಕ್ಕೂ ಇದು ಹೊಂದಲಾರದು, ಆದರೂ ಬೆಟ್ಟ ಎಷ್ಟು ಎತ್ತರವಿದೆ ಎಂಬುದು ತಿಳಿಯುತ್ತದೆ. ತಡವಾಗಿ ಹೊರಟರೂ ಹೆಚ್ಚು ವರ್ಷ ದುಡಿದು ಏರಬಹುದು ಎನ್ನುವವರು, ದೇಹ ಮತ್ತು ಉದ್ಯೋಗ ಎರಡೂ ಅಲ್ಲಿಯವರೆಗೆ ಜೊತೆಗಿರುತ್ತವೆ ಎಂದು ನೆಚ್ಚಿಕೊಂಡಿದ್ದಾರೆ.

ಕೂಡಿಟ್ಟದ್ದು ಸೋರಿಹೋಗುವ ಸಂಕಟವೇ ಬೇರೆ. ಕೋವಿಡ್ ಕಾಲದಲ್ಲಿ ಚಿಲಿ ದೇಶ ಪಿಂಚಣಿ ಖಾತೆಯಿಂದ ಮೂರು ಬಾರಿ ಹಣ ತೆಗೆಯಲು ಬಿಟ್ಟಿತು. ಅನೇಕರ ಖಾತೆ ಬರಿದಾಯಿತು. ಅದು ಸಂಕಷ್ಟದ ಕಾಲ, ಆ ಜನರನ್ನು ದೂರಲಾರೆ. ಆದರೆ ಯಾವ ಸಂಕಷ್ಟವೂ ಇಲ್ಲದೆ, ಕೆಲಸ ಬದಲಿಸಿದಾಗಲೆಲ್ಲ ನಿಧಿಯನ್ನು ಬಿಡಿಸಿಕೊಳ್ಳುವವರಿದ್ದಾರೆ. ನಾನೂ ಹಾಗೆ ಮಾಡಿದ್ದೆ. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಮೊದಲ ಕೆಲಸ ಬಿಟ್ಟಾಗ ಮೊತ್ತ ಸಣ್ಣದೆನಿಸಿತು, ತೆಗೆದೆ. ಎರಡೇ ತಿಂಗಳಲ್ಲಿ ಮುಗಿಯಿತು. ಯಾವುದಕ್ಕೆ ಖರ್ಚಾಯಿತೆಂದು ಇಂದು ನೆನಪಿಲ್ಲ. ಶೇ 6ರಂತೆ ಬೆಳೆದಿದ್ದರೂ ಅದು ಈಗ ನಾಲ್ಕು ಪಟ್ಟಾಗಿರುತ್ತಿತ್ತು. ಕೆಲಸ ಬಿಡುವ ಕಿರಿಯ ಸಹೋದ್ಯೋಗಿಗಳು ಅದೇ ಅರ್ಜಿ ತುಂಬುವುದನ್ನು ಕಂಡಾಗಲೆಲ್ಲ, ಹೊಸ ಕಡೆಗೆ ಖಾತೆಯನ್ನು ವರ್ಗಾಯಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಮೊತ್ತ ಸಣ್ಣದು ಎಂದೇ ಹೆಚ್ಚಿನವರು ಉತ್ತರಿಸುತ್ತಾರೆ.