ಬರೇ ಅಂಜಿಸಿದ್ರ ಹುಡುಗ್ರು ಕುಡಿಯೋದು ಬಿಡಂಗಿಲ್ರಿ
ನಿಮ್ಮ ಲೇಖನದಾಗ ಮನ್ಯಾಗ ಸ್ಟ್ರಿಕ್ಟ್ ಇದ್ರ ಮಕ್ಕಳು ದೊಡ್ಡವ್ರಾದ ಮ್ಯಾಲ ಕುಡಿಯಂಗಿಲ್ಲ ಅಂತ ಬರ್ದೀರಲ್ರಿ, ಅದು ಅರ್ಧಾ ಖರೇ ಅಷ್ಟ. ಡಯಾನಾ ಬೌಮ್‌ರಿಂಡ್ ಅನ್ನೋ ಅಮೆರಿಕದ ಸೈಕಾಲಜಿಸ್ಟ್ 1960ರ ದಶಕದಾಗೇ ಬರೇ ಹುಕುಂ ನಡಸೋ ಅಪ್ಪ-ಅವ್ವ ಬ್ಯಾರೆ, ರೂಲ್ಸ್ ಇಟ್ಟು ಯಾಕ ಅಂತ ಕೂಡ್ಸಿ ತಿಳ್ಸಿ ಹೇಳೋವ್ರು ಬ್ಯಾರೆ ಅಂದಾರ, ನೀವು ಎರಡೂ ಕೂಡ್ಸಿಬಿಟ್ಟೀರಿ. ನಮ್ಮ ಕಲಬುರಗ್ಯಾಗ ನೋಡ್ರಿ, ಸೇಡಂ, ಜೇವರ್ಗಿ, ಶಹಾಪುರ ಕಡಿಂದ ಕಾಲೇಜಿಗೆ ಬಂದು ರೂಮ್ ಮಾಡ್ಕೊಂಡಿರೋ ಹುಡುಗ್ರೊಳಗ ಅಪ್ಪನ ಮುಂದ ಬಾಯಿ ಬಿಡಲಾರದವ್ನೇ ಎಷ್ಟೋ ಸಲ ಮೊದಲ ಸೆಮಿಸ್ಟರ್‌ದಾಗ ಎಲ್ಲಾರಕಿಂತ ಜಾಸ್ತಿ ಕುಡಿತಾನ, ಯಾಕಂದ್ರ ಅಂವಗ ಹೊಡ್ತದ ಅಂಜಿಕಿ ಗೊತ್ತದ, ಎಲ್ಲಿ ನಿಲ್ಲಸ್ಬೇಕು ಅನ್ನೋದು ಯಾರೂ ಹೇಳಿಲ್ಲ. ಹಂಗಂತ ಮನ್ಯಾಗೇ ಒಂದ್ ಗ್ಲಾಸ್ ಕೊಟ್ಟು ಕಲಸ್ತೀನಿ ಅನ್ನೋ ಮಾಡರ್ನ್ ಅಪ್ಪಗೋಳ ಮಾತೂ ನಂಬ್ಬ್ಯಾಡ್ರಿ, ಆಸ್ಟ್ರೇಲಿಯಾದಾಗ ಹರೇದ ಹುಡುಗ್ರನ್ನ 6 ವರ್ಷ ಫಾಲೋ ಮಾಡಿ 2018ರಾಗ ಬಂದ ಸ್ಟಡಿದಾಗ ಅಪ್ಪ-ಅವ್ವ ಕೊಟ್ಟ್ರ ಮುಂದ ತ್ರಾಸ ಕಡಿಮಿ ಆಗ್ತದ ಅನ್ನೋದಕ್ಕ ಆಧಾರ ಸಿಕ್ಕಿಲ್ಲ. ಇನ್ನ ದಿನಾ ಸಂಜಿಗಿ ಮಗನ ಕೈಲಿಂದೇ ಕ್ವಾರ್ಟರ್ ತರ್ಸೋದು, ಕುಡ್ದು ನೀ ಮಾತ್ರ ಕುಡೀಬ್ಯಾಡ ಮಗಾ ಅಂತ ಬುದ್ಧಿ ಹೇಳೋದು, ಇಂಥ ಅಪ್ಪಗೋಳು ನಮ್ಮ ಓಣ್ಯಾಗೇ ಭಾಳ ಅದಾರ, ಅವ್ರ ಬಗ್ಗೆ ಒಂದ್ ಸಾಲೂ ಬರ್ದಿಲ್ಲಲ್ರಿ ನೀವು?